ಪಹಣಿಯ ಕೋಷ್ಟಕಗಳೂ ಜಾಲಪುಟವೂ

ಕರ್ನಾಟಕದಲ್ಲಿ ಪಹಣಿಗಳು ಮೊದಲು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದುವು. 2000ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯು ಜಾರಿಗೆ ಬಂದು ಅವು ಗಣಕಯಂತ್ರವನ್ನು ಸೇರಿದುವು. ಈಗ ಸರ್ವೆ ನಂಬರನ್ನು ಕೊಟ್ಟೊಡನೆ ಜಮೀನಿನ ವಿವರವು ಜಾಲಪುಟದಲ್ಲಿ ಕಾಣುವುದು. ಇಂಥ ಪುಟವು ಹೇಗೆ ಸಿದ್ಧವಾಗುವುದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಲೇಸು.

ಇಂಥ ಲೆಕ್ಕಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ಕೋಷ್ಟಕಗಳಲ್ಲಿ ಇಡುವರು. ಜಮೀನಿನ ವಿಸ್ತೀರ್ಣಕ್ಕೆ ಒಂದು, ಖಾತೆದಾರರಿಗೆ ಒಂದು, ಬೆಳೆಗಳಿಗೆ ಮತ್ತೊಂದು. ಈ ಕ್ರಮಕ್ಕೆ ತಳಹದಿಯನ್ನು ಹಾಕಿದವರು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬವರು. ಅವರ ಲೇಖನವು 1970ರಲ್ಲಿ ಪ್ರಕಟವಾಯಿತು. ಒಂದು ಸಂಗತಿಯನ್ನು ಒಂದೇ ಕಡೆ ಬರೆದರೆ ತಿದ್ದುಪಡಿಯೂ ಒಂದೇ ಕಡೆ ಸಾಕು. ಮೂವರು ಅಣ್ಣತಮ್ಮಂದಿರ ಹೆಸರಿನೆದುರು ವಿಸ್ತೀರ್ಣವನ್ನು ಮೂರು ಸಲ ಬರೆದು, ಒಂದನ್ನು ಮಾತ್ರ ತಿದ್ದಿದರೆ ವ್ಯಾಜ್ಯಕ್ಕೆ ಎಡೆಯಾಗುವುದು.

ಈ ಕೋಷ್ಟಕಗಳನ್ನು ಕೂಡಿಸುವ ಕೊಂಡಿಯೇ ಸರ್ವೆ ನಂಬರು. 42ನೆಯ ನಂಬರು ಹಲವು ಗ್ರಾಮಗಳಲ್ಲಿ ಇರುವುದರಿಂದ ಗ್ರಾಮದ ಸಂಕೇತವೂ ಹಿಸ್ಸೆಯೂ ಜೊತೆಗಿರತಕ್ಕದ್ದು.

ಕೂಡಿಸುವಲ್ಲಿ ಎರಡು ಕೆಡುಕುಗಳು ಒದಗಬಹುದು. ಮೊದಲನೆಯದು, ಲೆಕ್ಕವು ಹೆಚ್ಚುವುದು. 4 ಎಕರೆಯ ಒಂದು ಹೊಲಕ್ಕೆ 3 ಮಂದಿ ಖಾತೆದಾರರಿದ್ದು, 3 ಎಕರೆ ರಾಗಿಯೂ 1 ಎಕರೆ ತೊಗರಿಯೂ ಇವೆಯೆನ್ನೋಣ. ಖಾತೆದಾರರನ್ನೂ ಬೆಳೆಗಳನ್ನೂ ನೇರವಾಗಿ ಜೋಡಿಸಿದರೆ 6 ಸಾಲುಗಳಾಗುವುವು. ಬೆಳೆಯ ವಿಸ್ತೀರ್ಣವನ್ನು ಕೂಡಿದರೆ 12 ಎಕರೆ ಬರುವುದು! ಆದುದರಿಂದ ಮೊತ್ತವನ್ನು ಬೆಳೆಯ ಕೋಷ್ಟಕದಲ್ಲಿಯೇ ಮೊದಲು ತೆಗೆದು, ಅನಂತರ ಪುಟದಲ್ಲಿ ತೋರಿಸತಕ್ಕದ್ದು.

ಎರಡನೆಯದು ಇದಕ್ಕಿಂತ ಕೇಡಿನದು. ಎರಡು ಕೋಷ್ಟಕಗಳಲ್ಲಿಯೂ ಹೊಂದುವ ಸಾಲುಗಳನ್ನು ಮಾತ್ರ ತೋರಿಸುವಂತೆ ಏರ್ಪಡಿಸಿದರೆ, ಬೆಳೆಯ ವಿವರ ದಾಖಲಾಗದ ಹೊಲವು ಪಟ್ಟಿಯಿಂದಲೇ ಮರೆಯಾಗುವುದು. ಹೊಲವು ಊರಿನಲ್ಲಿದ್ದರೂ ಪುಟದಲ್ಲಿ ಇಲ್ಲ! ಆ ಪಟ್ಟಿಯನ್ನೇ ನಂಬಿ ಬೆಳೆನಷ್ಟದ ಪರಿಹಾರವನ್ನು ಹಂಚಿದರೆ ಬಡರೈತನ ಗತಿಯೇನು? ಎಲ್ಲ ಹೊಲಗಳನ್ನೂ ತೋರಿಸಿ, ವಿವರವಿಲ್ಲದ ಕಡೆ ಬರಿದಾಗಿ ಬಿಡುವ ಏರ್ಪಾಡೇ ಸರಿಯಾದುದು. ಬರಿದಾದ ಮನೆಯು ಕೊರತೆಯನ್ನು ಸಾರುವುದು. ಕಾಣದ ಸಾಲು ಏನನ್ನೂ ಹೇಳದು.

ಆದುದರಿಂದ ಪಟ್ಟಿಯು ಪ್ರಕಟವಾದೊಡನೆ ಮುಖಂಡರು ಗ್ರಾಮದ ಒಟ್ಟು ಹೊಲಗಳ ಸಂಖ್ಯೆಯನ್ನು ಅದರೊಡನೆ ತಾಳೆನೋಡಬೇಕು. ತಪ್ಪು ಕಂಡುಬಂದರೆ, ಮುದ್ರಿತ ಪ್ರತಿಯನ್ನು ತಿದ್ದಿ ಪ್ರಯೋಜನವಿಲ್ಲ. ಮೂಲ ದಾಖಲೆಯನ್ನೇ ಸರಿಪಡಿಸಲು ತಾಲ್ಲೂಕು ಕಚೇರಿಗೆ ಕಾಲದಲ್ಲಿ ಅರ್ಜಿ ಕೊಡುವುದು ಕ್ಷೇಮಕರ.