ಇಂಗ್ಲಿಷಿನೊಳಗೆ ಬಂದ ಭಾಗವತರು

ಪುಣೆಯ ಸಿನಿಮಾ ಮಂದಿಗೆ ಗಿರೀಶ ಕಾರ್ನಾಡರೆಂದರೆ 1974–75ರಲ್ಲಿ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ನಾಟಕದವರಿಗೆ ಅವರು 'ತುಘಲಕ್' ಬರೆದವರು; ಅದನ್ನು ಮರಾಠಿಗೆ ತಂದದ್ದು ವಿಜಯ ತೆಂಡೂಲ್ಕರ್. ಮನೆಮಾತು ಕೊಂಕಣಿ, ಬೆಳೆದದ್ದು ಶಿರಸಿ-ಧಾರವಾಡದಲ್ಲಿ, ಓದಿದ್ದು ಆಕ್ಸ್‌ಫರ್ಡಿನಲ್ಲಿ. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಹುಡುಗ ವಿಲಾಯತಿಗೆ ಹೊರಡುವ ಹೊತ್ತಿಗೆ ಬರೆದದ್ದು ಮಾತ್ರ ಕನ್ನಡದ 'ಯಯಾತಿ'. ಆಮೇಲೆ ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತರುವುದು ಅವರಿಗೆ ರೂಢಿಯಾಯಿತು.

ತಮ್ಮ ನಾಡಿನ ನಾಟಕವನ್ನು ಇಂಗ್ಲಿಷಿಗೆ ತರುವ ಈ ಪಾಡು ಆಫ್ರಿಕದ ನಾಟಕಕಾರರದೂ. ನೈಜೀರಿಯದ ವೋಲೆ ಸೋಯಿಂಕಾ 'ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್' (1975) ನಾಟಕದಲ್ಲಿ ಯೊರುಬಾ ಪಾತ್ರಗಳ ಬಾಯಿಗೆ ಗಾದೆ, ಒಗಟು, ಹೊಗಳುಭಟರ ಪಲುಕುಗಳಿಂದ ತುಂಬಿ ತುಳುಕುವ ಇಂಗ್ಲಿಷ್ ಕೊಟ್ಟರು. ಅಲ್ಲಿ ಬಡಕಲು ಇಂಗ್ಲಿಷ್ ಆಡುವವರು ಬ್ರಿಟಿಷ್ ಅಧಿಕಾರಿಗಳೇ. ಕೀನ್ಯಾದ ಗೂಗಿ ವಾ ಥಿಯಾಂಗೊ ಅವರಿಗೆ ಹೀಗೆ ಇಂಗ್ಲಿಷನ್ನು ತಮ್ಮ ನುಡಿಗೆ ಬಗ್ಗಿಸುವ ಕೆಲಸವೇ ಸಾಕೆನಿಸಿ, 1977ರಲ್ಲಿ ಗೂಗಿ ವಾ ಮಿರಿಯವರ ಜೊತೆ ಗಿಕುಯು ಭಾಷೆಯಲ್ಲೇ ನಾಟಕ ಬರೆದರು. ಸರ್ಕಾರ ಅದನ್ನು ನಿಲ್ಲಿಸಿತು, ಥಿಯಾಂಗೊ ಅವರನ್ನು ಜೈಲಿಗೆ ಹಾಕಿತು.

ಕಾರ್ನಾಡರು ಹಿಡಿದದ್ದು ಮೂರನೆಯ ದಾರಿ. ಅವರ ಇಂಗ್ಲಿಷ್ ವಾಕ್ಯಗಳು ಅಷ್ಟೇನೂ ಬಾಗುವುದಿಲ್ಲ. ನಾಡಿನ ಸೊಗಡು ಇರುವುದು ಆಟದ ಕಟ್ಟಿನಲ್ಲಿ. 'ಹಯವದನ'ದಲ್ಲಿ ಮೊದಲು ಗಣೇಶನ ಪೂಜೆ, ಭಾಗವತರು, ಇಬ್ಬರು ಹಿಡಿದು ನಿಲ್ಲುವ ತೆರೆ, ಮಾತಾಡುವ ಗೊಂಬೆಗಳು. ಯಾವ ಭಾಷೆಯಲ್ಲಿ ಆಡಿದರೂ ಇವು ಅಲುಗುವುದಿಲ್ಲ. ಹಾಡುಗಳು ಮಾತ್ರ ಇಂಗ್ಲಿಷಿನಲ್ಲಿ ಸೊರಗುತ್ತವೆ, ನನಗಂತೂ ಹಾಗನ್ನಿಸಿದೆ.

'ನಾಗಮಂಡಲ' (1988) ಇನ್ನೂ ಜಾಣ ನಾಟಕ. ಅದರ ಜಾನಪದ ಕತೆಗಳನ್ನು ಕಾರ್ನಾಡರಿಗೆ ಹೇಳಿದವರು ಎ.ಕೆ. ರಾಮಾನುಜನ್. ರಾಣಿಯ ಗಂಡನ ರೂಪ ತಾಳಿ ನಾಗ ರಾತ್ರಿ ಬರುತ್ತಾನೆ, ಅವಳು ಬಸುರಾಗುತ್ತಾಳೆ, ಗಂಡ ಪಂಚಾಯ್ತಿ ಕರೆಸುತ್ತಾನೆ. ರಾಣಿ ಹುತ್ತಕ್ಕೆ ಕೈಹಾಕಿ ನಾಗರವನ್ನು ಹಿಡಿದು ಆಣೆ ಮಾಡುತ್ತಾಳೆ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಗಂಡನ್ನು ಮುಟ್ಟಿಲ್ಲ. ಹಿರಿಯರಿಗೆ ಅವಳು ದೇವಿಯಾಗಿ ಕಾಣುತ್ತಾಳೆ. ಅವಳು ಆಡಿದ್ದೂ ಅಕ್ಷರಶಃ ನಿಜ, ಆದರೆ ಊರವರಿಗೆ ತಿಳಿಯದ ಅರ್ಥದಲ್ಲಿ. ಅದು ಗೊತ್ತಿರುವುದು ನಾಟಕ ನೋಡುವವರಿಗೆ ಮಾತ್ರ. ಈ ಚಮತ್ಕಾರ ಪದದಲ್ಲಿಲ್ಲ, ಸಂದರ್ಭದಲ್ಲಿದೆ. ಹಾಗಾಗಿಯೇ 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರದಲ್ಲೂ ಅದನ್ನು ಇಂಗ್ಲಿಷಿನಲ್ಲಿ ಆಡಲು ಸಾಧ್ಯವಾಯಿತು.

ಇಷ್ಟು ನಿರಾಳ ಹೇಗೆ ಬಂತು? ಕನ್ನಡದ ಪ್ರೇಕ್ಷಕ ಮೊದಲೇ ಇದ್ದ. ಸಂಸ್ಕೃತಿಯ ಭಾರವನ್ನೆಲ್ಲ ಇಂಗ್ಲಿಷೊಂದೇ ಹೊರಬೇಕಾಗಿರಲಿಲ್ಲ. ಬಿಬಿಸಿ ರೇಡಿಯೋಗಾಗಿ ಟಿಪ್ಪುವಿನ ನಾಟಕವನ್ನು ಮೊದಲು ಇಂಗ್ಲಿಷಿನಲ್ಲೇ ಬರೆದಾಗ ಆ ಅನುಕೂಲವಿರಲಿಲ್ಲ. ಆಗ ಅವರು ಟಿಪ್ಪುವಿನ ಆಸ್ಥಾನದ ಇತಿಹಾಸಕಾರ ಕಿರ್ಮಾನಿಯನ್ನು ಬ್ರಿಟಿಷ್ ಅಧಿಕಾರಿ ಕರ್ನಲ್ ಮೆಕೆಂಜಿಯ ಎದುರು ತಂದರು. ಬಿಳಿಯ ದೊರೆಯೊಬ್ಬ ಎದುರಿಗಿದ್ದರೆ ಇಂಗ್ಲಿಷ್ ಆಡಲು ನೆಪ ಬೇಕಿಲ್ಲವಲ್ಲ.

ಕೊನೆಗಾಲದ 'ಬೆಂದಕಾಳು ಆನ್ ಟೋಸ್ಟ್' ಬೆಂಗಳೂರಿನ ನಾಟಕ. ಊರಿಗೆ ಹೆಸರು ತಂದ ಕತೆಯಲ್ಲಿ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಕೊಟ್ಟಳೆನ್ನುವ ಬೆಂದಕಾಳನ್ನು ಬ್ರೆಡ್ಡಿನ ಮೇಲಿಟ್ಟ ಹೆಸರು ಅದು. ಇಂಗ್ಲಿಷಿನಲ್ಲಿ ಅದು 'ಬಾಯ್ಲ್ಡ್ ಬೀನ್ಸ್ ಆನ್ ಟೋಸ್ಟ್' ಆಯಿತು. ಪುಣೆಯಲ್ಲಿ ಮೋಹಿತ್ ಟಾಕಳ್ಕರ್ ನಿರ್ದೇಶನದಲ್ಲಿ ಆಸಕ್ತ ತಂಡ ಅದನ್ನು ಮರಾಠಿಯಲ್ಲಿ ಆಡಿದಾಗ ಕಾಳೂ ಹೋಯಿತು, ಟೋಸ್ಟೂ ಹೋಯಿತು; ನಾಟಕ 'ಉಣೇಪುರೇ ಶಹರ್ ಏಕ್' ಆಯಿತು.