ಮಕ್ಕಳ ಹೆಲ್ಮೆಟ್: ಅಳತೆ ನೋಡಿ ಕೊಳ್ಳಿ, ಅಳತೆ ನೋಡಿ ಮಾರಿ

ಶಾಲೆ ಬಿಡುವ ವೇಳೆಗೆ ಹೊಸಪೇಟೆಯ ಯಾವುದೇ ವೃತ್ತದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಸ್ಕೂಟರ್ ಚಲಾಯಿಸುವ ತಂದೆಯ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಮುಂದೆ ನಿಂತ ಅಥವಾ ಹಿಂದೆ ಕುಳಿತ ಮಗುವಿನ ತಲೆ ಬರಿದಾಗಿರುತ್ತದೆ. ಸಂಡೂರು ಮಾರ್ಗದಲ್ಲಿ ಅದಿರಿನ ಲಾರಿಗಳು, ಕಂಪ್ಲಿ ಮಾರ್ಗದಲ್ಲಿ ಕಬ್ಬು, ಭತ್ತ ಹೇರಿದ ಟ್ರ್ಯಾಕ್ಟರುಗಳು, ಹಂಪಿಯ ದಾರಿಯಲ್ಲಿ ಪ್ರವಾಸಿ ವಾಹನಗಳು. ಇವುಗಳ ನಡುವೆಯೇ ಈ ಮಕ್ಕಳ ಪ್ರಯಾಣ ಸಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಪೇಟ ಧರಿಸುವ ಸಿಖ್ಖರ ಹೊರತು, ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗಾಗಿ 2022ರ ಫೆಬ್ರವರಿಯಲ್ಲಿ ಪ್ರಕಟಿಸಿದ ನಿಯಮವು ಒಂದು ವರ್ಷದ ತರುವಾಯ ಜಾರಿಗೆ ಬಂದಿತು. ಇದರಂತೆ ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್ ಹಾಗೂ ಮಗುವನ್ನು ಚಾಲಕನೊಡನೆ ಬಂಧಿಸುವ ಸುರಕ್ಷತಾ ಪಟ್ಟಿ ಇರಬೇಕು; ವೇಗ ಗಂಟೆಗೆ 40 ಕಿ.ಮೀ. ಮೀರಕೂಡದು. ಇಲ್ಲಿ 'ಸರಿಹೊಂದುವ' ಎಂಬ ಪದವೇ ಮುಖ್ಯವಾದುದು.

ಒಂದು ಅಳತೆ ದೊಡ್ಡದು ಬೇಡ

ಶಾಲೆಯ ಸಮವಸ್ತ್ರ ಕೊಳ್ಳುವಾಗ "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎನ್ನುವುದು ನಮ್ಮ ರೂಢಿ. ಹೆಲ್ಮೆಟ್‌ಗೆ ಈ ಲೆಕ್ಕ ಸಲ್ಲದು. ಸಡಿಲವಾದ ಹೆಲ್ಮೆಟ್ ಬೀಳುವ ಕ್ಷಣದಲ್ಲಿ ಜರುಗಿ ಹಣೆಯನ್ನೋ ಹಿಂದಲೆಯನ್ನೋ ಬರಿದಾಗಿಸುತ್ತದೆ, ಇಲ್ಲವೇ ಕಳಚಿಯೇ ಹೋಗುತ್ತದೆ. ದೇಹಕ್ಕೆ ಹೋಲಿಸಿದರೆ ಮಗುವಿನ ತಲೆ ದೊಡ್ಡದು, ಕುತ್ತಿಗೆಯ ಸ್ನಾಯುಗಳು ಎಳೆಯವು. ಆದ್ದರಿಂದ ಮನೆಯಲ್ಲಿರುವ ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ತೊಡಿಸುವುದೂ ಸರಿಯಲ್ಲ.

ಅಳೆಯುವ ಕ್ರಮ

ದರ್ಜಿಯ ಟೇಪನ್ನು ಹುಬ್ಬುಗಳ ಮೇಲೆ ಸುಮಾರು ಒಂದು ಅಂಗುಲ ಎತ್ತರದಲ್ಲಿಟ್ಟು, ಹಿಂದಲೆಯ ಅತಿ ಉಬ್ಬಿದ ಭಾಗವನ್ನು ಬಳಸಿ ಸುತ್ತಳತೆ ತೆಗೆಯಬೇಕು. ವಯಸ್ಸನ್ನು ನಂಬದೆ ಸೆಂಟಿಮೀಟರನ್ನೇ ನಂಬಬೇಕು. ಜಡೆ, ತುರುಬು, ಹೂವಿದ್ದರೆ ತೆಗೆದು ಅಥವಾ ತಗ್ಗಿಸಿ ಅಳೆಯುವುದು ಲೇಸು.

ತೊಡಿಸಿದ ನಂತರ ಹುಬ್ಬಿಗೂ ಅಂಚಿಗೂ ನಡುವೆ ಎರಡು ಬೆರಳಿನಷ್ಟೇ ಅಂತರವಿರಲಿ. ಪಟ್ಟಿ ಬಿಗಿದಾಗ ಗದ್ದದ ಕೆಳಗೆ ಒಂದು ಬೆರಳು ಮಾತ್ರ ಹಿಡಿಸಬೇಕು. ಬಳಿಕ ಮಗು ತಲೆಯಾಡಿಸಲಿ. ಹೆಲ್ಮೆಟ್ ತಲೆಯೊಡನೆ ತಿರುಗಬೇಕು, ತಲೆಯ ಸುತ್ತ ತಿರುಗಬಾರದು. ಹಿಂಬದಿಯ ಅಂಚನ್ನು ಮೆಲ್ಲಗೆ ಮೇಲಕ್ಕೆತ್ತಿ ಮುಂದಕ್ಕೆ ಒತ್ತಿದರೂ ಕಳಚಿಬರಬಾರದು. ಐದು ನಿಮಿಷ ತೊಡಿಸಿಟ್ಟು ತೆಗೆದಾಗ ಹಣೆಯ ಒಂದೇ ಕಡೆ ಕೆಂಪು ಗುರುತು ಮೂಡಿದ್ದರೆ ಆ ಮಾದರಿ ಆ ತಲೆಗೆ ಒಗ್ಗದೆಂದು ತಿಳಿಯಬೇಕು. ನಮ್ಮ ಸೀಮೆಯ ಬೇಸಿಗೆಯನ್ನು ನೆನೆದು, ಗಾಳಿಗಂಡಿಗಳಿರುವ, ಒಳಬಟ್ಟೆ ತೆಗೆದು ಒಗೆಯಬಹುದಾದ ಹೆಲ್ಮೆಟ್ ಆರಿಸುವುದು ಒಳ್ಳೆಯದು. ಸೆಕೆಯಾದರೆ ಮಗು ಅದನ್ನು ತೊಡಲೊಪ್ಪದು.

ವರ್ತಕರ ಹೊಣೆ

2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಐಎಸ್ 4151 ಇದರ ಮಾನಕ. ಗುರುತಿಲ್ಲದ ಸರಕಿನ ಮಾರಾಟ ದಂಡನಾರ್ಹ ಅಪರಾಧ. ಕಾರ್ಟೂನ್ ಚಿತ್ರ ಬಿಡಿಸಿದ ಅಗ್ಗದ ಪ್ಲಾಸ್ಟಿಕ್ ಟೊಪ್ಪಿಗೆಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಪೆಟ್ಟಿನ ರಭಸವನ್ನು ಹೀರುವುದು ಒಳಗಿನ ಥರ್ಮೋಕೋಲ್‌ನಂತಹ ದಪ್ಪ ಪದರ. ಅದು ಒಮ್ಮೆ ಜಜ್ಜಿದರೆ ಮರಳಿ ಉಬ್ಬದು. ಆದುದರಿಂದ ಅಪಘಾತ ಕಂಡ ಹೆಲ್ಮೆಟ್ಟನ್ನು ಮರುಮಾರಾಟ ಮಾಡಲಾಗದು.

ನಮ್ಮ ಸದಸ್ಯ ವರ್ತಕರು ಗಲ್ಲಾದ ಬಳಿ ಒಂದು ಅಳತೆ ಟೇಪು ಇರಿಸಿ, ಮಕ್ಕಳ ಎಲ್ಲ ಅಳತೆಗಳನ್ನೂ ದಾಸ್ತಾನು ಮಾಡಬೇಕು. ಅಳತೆಯಲ್ಲಿ ದಾಸ್ತಾನು ಇಲ್ಲದಿದ್ದರೆ "ಇದೇ ಸಾಕು, ಸ್ವಾಮಿ" ಎನ್ನದೆ, ತರಿಸಿಕೊಡುವುದಾಗಿ ಹೇಳುವುದು ಧರ್ಮ. ಹಂಪಿ ಪರಿಸರದಲ್ಲಿ ಬಾಡಿಗೆ ವಾಹನ ನೀಡುವವರೂ ಮಕ್ಕಳೊಂದಿಗೆ ಬರುವ ಪ್ರವಾಸಿಗರಿಗಾಗಿ ಚಿಕ್ಕ ಅಳತೆಯ ಕೆಲವು ಹೆಲ್ಮೆಟ್‌ಗಳನ್ನು ಇರಿಸಿಕೊಳ್ಳುವುದು ಉಚಿತ. ಅಂದಿನ ಒಂದು ಮಾರಾಟ ಕೈತಪ್ಪಬಹುದು. ಆದರೆ ಅಳತೆ ತಪ್ಪಿದ ಹೆಲ್ಮೆಟ್ ಮಾರಿದರೆ ಅದರ ಬೆಲೆ ತೆರುವುದು ಒಂದು ಮಗು.