ಹೊರೆ ಹೊರುವ ಅಚ್ಚು

ನಿಮ್ಮ ಪಡಸಾಲೆಗೆ ಹಾಸಿದ ಶಹಾಬಾದ್ ಕಲ್ಲಾಗಲಿ, ತಾರಸಿಗೆ ಬಳಸಿದ ಸಿಮೆಂಟಾಗಲಿ, ನಿಮ್ಮ ಬಾಗಿಲಿಗೆ ಬಂದ ಬಗೆ ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳದು ಸುಣ್ಣಕಲ್ಲಿನ ಸೀಮೆ. ವಾಡಿಯಲ್ಲಿಯೂ ಸೇಡಮಿನಲ್ಲಿಯೂ, ಹಿಂದೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಳಖೇಡದಲ್ಲಿಯೂ ಇಂದು ಸಿಮೆಂಟ್ ಕಾರ್ಖಾನೆಗಳಿವೆ. ರೈಲು ಹೊತ್ತಷ್ಟು ಹೊತ್ತು, ಮಿಕ್ಕ ಹೊರೆಯೆಲ್ಲ ಲಾರಿಯ ಪಾಲಿಗೆ. ಎರೆಮಣ್ಣಿನ ನೆಲವಾದರೋ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಅದರ ಮೇಲಿನ ರಸ್ತೆ ಸಮವಾಗಿ ನಿಲ್ಲುವುದು ಕಷ್ಟ. ಆ ಏರುಪೇರಿನ ಪೆಟ್ಟನ್ನೆಲ್ಲ ತಿನ್ನುವುದು ಲಾರಿಯ ಹಿಂದಿನ ಅಚ್ಚು ಮತ್ತು ಅದರ ಕಮಾನು ಪಟ್ಟಿಗಳು.

ಪಟ್ಟಿಗಳ ಕಟ್ಟು

ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಸೆಂಟರ್ ಬೋಲ್ಟ್ ತೂರಿಸಿ, ಯು-ಬೋಲ್ಟುಗಳಿಂದ ಅಚ್ಚಿಗೆ ಬಿಗಿದಿರುತ್ತಾರೆ. ಕುಳಿಗೆ ಇಳಿದಾಗ ಪಟ್ಟಿಗಳು ಬಾಗಿ, ಒಂದರ ಮೇಲೊಂದು ಜಾರಿ, ಪೆಟ್ಟನ್ನು ನುಂಗುತ್ತವೆ. ಯು-ಬೋಲ್ಟ್ ಸಡಿಲಾಯಿತೆನ್ನಿ, ಒತ್ತಡವು ನಡುವಿನ ತೂತಿನ ಬಳಿಗೆ ಸರಿದು ಪಟ್ಟಿ ಅಲ್ಲಿಯೇ ಮುರಿಯುತ್ತದೆ. ಸೆಂಟರ್ ಬೋಲ್ಟೇ ತುಂಡಾದರೆ ಅಚ್ಚು ಒಂದು ಕಡೆ ಜರುಗಿ, ಲಾರಿ ಏಡಿಯಂತೆ ಓರೆಯಾಗಿ ಓಡುತ್ತದೆ. ಆದುದರಿಂದಲೇ, ಹೊಸ ಪಟ್ಟಿ ಕೂರಿಸಿದ ಲಾರಿ ಹೊರೆ ಹೊತ್ತು ಸ್ವಲ್ಪ ದೂರ ಓಡಿ ಬಂದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಸಮನೆಲದಲ್ಲಿ ನಿಂತ ಲಾರಿ ಒಂದು ಪಕ್ಕಕ್ಕೆ ವಾಲಿದ್ದರೆ ಪಟ್ಟಿ ಮುರಿದಿದೆಯೇ ಎಂದು ಮೊದಲು ನೋಡಬೇಕು.

ಧೂಳೆಂಬ ವೈರಿ

ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಪಯಣ ಹೊರಡುತ್ತಿರಲಿಲ್ಲ. ಲಾರಿಯ ಅಚ್ಚಿಗೂ ಅದೇ ನೀತಿ. ಕಲ್ಲು, ಸಿಮೆಂಟಿನ ಧೂಳು ಗ್ರೀಸಿನೊಡನೆ ಬೆರೆತರೆ ಅದು ಎಣ್ಣೆಯಾಗಿ ಉಳಿಯದು, ಸಾಣೆಯಾಗಿ ಪಿನ್ನು ಬುಷ್ಷುಗಳನ್ನು ಸವೆಸುತ್ತದೆ. ಹೊಸ ಗ್ರೀಸ್ ತುಂಬುವ ಮುನ್ನ ಹಳೆಯದನ್ನು ಹೊರದೂಡಬೇಕು.

ಅಚ್ಚಿನ ಹೊಟ್ಟೆಯಲ್ಲಿರುವ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ಸುತ್ತಲು ಅನುವು ಮಾಡಿಕೊಡುತ್ತದೆ. 1827ರಲ್ಲಿ ಫ್ರಾನ್ಸಿನ ಪೆಕ್ಯೂರ್ ಇದಕ್ಕೆ ಪೇಟೆಂಟ್ ಪಡೆದನು. ಅದು ಗೇರ್ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ. ಅಚ್ಚಿನ ಮೇಲೆ ಗಾಳಿಯಾಡಲು ಒಂದು ಪುಟ್ಟ ರಂಧ್ರವುಂಟು. ಧೂಳಿನಿಂದ ಅದು ಮುಚ್ಚಿದರೆ, ಕಾದ ಗಾಳಿ ಹೊರಹೋಗಲಾರದೆ ಎಣ್ಣೆಯನ್ನು ಸೀಲಿನಾಚೆಗೆ ತಳ್ಳುತ್ತದೆ. ಎಣ್ಣೆ ಬ್ರೇಕಿನ ಲೈನಿಂಗಿಗೆ ತಗುಲಿತೆಂದರೆ ಆ ಚಕ್ರ ಹಿಡಿತ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಶುಚಿಯಾಗುವ ರಂಧ್ರವೊಂದನ್ನು ಅಲಕ್ಷಿಸಿದರೆ, ಮುಂದೆ ಹೋಗುತ್ತಿರುವ ಸಂಸಾರವೊಂದರ ಪ್ರಾಣಕ್ಕೇ ಕುತ್ತು!

ಒಂದು ಪಟ್ಟಿ ಹೆಚ್ಚಿಗೆ?

ಹೆಚ್ಚು ಹೊರೆಯ ಆಸೆಗೆ ಇನ್ನೊಂದು ಪಟ್ಟಿ ಸೇರಿಸುವವರುಂಟು. ಇದರಿಂದ ಲಾರಿ ಕುಗ್ಗದಿರಬಹುದು. ಆದರೆ ಅಚ್ಚು, ಬೇರಿಂಗು, ಟೈರು, ಬ್ರೇಕುಗಳ ಶಕ್ತಿ ಹೆಚ್ಚುವುದೇ? 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ, ಎಂಟು ಟೈರಿನ ಜೋಡಿ ಅಚ್ಚಿನದನ್ನು 19ರಿಂದ 21 ಟನ್ನಿಗೆ ಏರಿಸಿತು. ಅದನ್ನು ಮೀರಿದರೆ ಕೆಡುವುದು ಲಾರಿ ಮಾತ್ರವಲ್ಲ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಹೊರಟ ಲೆಕ್ಕದಂತೆ, ಅಚ್ಚಿನ ಹೊರೆ ಒಂದೂವರೆ ಪಟ್ಟಾದರೆ ರಸ್ತೆಯ ಹಾನಿ ಸುಮಾರು ಐದು ಪಟ್ಟು. ಎರಡು ಪಟ್ಟಾದರೆ ಹದಿನಾರು ಪಟ್ಟು! ಕೆಟ್ಟ ರಸ್ತೆ ಮತ್ತೆ ಪಟ್ಟಿಯನ್ನೇ ಮುರಿಯುತ್ತದೆ.

ಕೊನೆಯದಾಗಿ ಒಂದು ಮಾತು. ಜ್ಯಾಕ್ ಒಂದನ್ನೇ ನಂಬಿ ಯಾರೂ ಲಾರಿಯ ಅಡಿಗೆ ಹೋಗಬಾರದು. ಪದರಪದರವಾಗಿ ಸೀಳುವ ಹಾಸುಗಲ್ಲನ್ನು ಆನಿಕೆಗೆ ಇಡಲೂ ಬಾರದು; ಚಕ್ರಗಳಿಗೆ ಅಡ್ಡೆ ಕೊಟ್ಟು, ಭಾರ ತಾಳುವ ಉಕ್ಕಿನ ಸ್ಟ್ಯಾಂಡನ್ನೇ ಇಡಬೇಕು. ನಮ್ಮ ಮನೆಗಳ ನೆಲ ಗಟ್ಟಿಯಾಗಿ ನಿಂತಿರುವುದರ ಹಿಂದೆ, ಎಣ್ಣೆ ಮೆತ್ತಿದ ಕೈಗಳ ಈ ಎಚ್ಚರವೂ ಇದೆಯೆಂಬುದನ್ನು ಮರೆಯದಿರೋಣ.